ಹೂಮರದ ಶಲ್ಕ ಕೀಟ: ಔಷಧಿ ಹುಡುಕುವ ಮೊದಲು ದಿನ ನೋಡಿ

"ಎರಡು ಸಲ ಔಷಧಿ ಹೊಡೆದೆ, ಆದರೂ ಕೊಂಬೆ ತುಂಬ ಚಿಪ್ಪು ಹಾಗೇ ಇದೆ. ಇನ್ನೂ ಸ್ಟ್ರಾಂಗ್ ಆಗಿರುವುದು ಯಾವುದಾದರೂ ಇದ್ದರೆ ಹೇಳಿ." ಹೂಮರ ಬೆಳೆಸುವವರು ಪದೇ ಪದೇ ಕೇಳುವ ಪ್ರಶ್ನೆ ಇದು. ಹೆಚ್ಚಿನ ಸಲ ತಪ್ಪು ಔಷಧಿಯದ್ದಲ್ಲ, ಹೊಡೆದ ದಿನದ್ದು. ಚಿಪ್ಪು ಬಲಿತ ಮೇಲೆ ಮೇಲಿಂದ ಏನು ಸುರಿದರೂ ಒಳಗಿರುವ ಕೀಟಕ್ಕೆ ತಾಗುವುದು ಕಡಿಮೆ. ಆದರೆ ಅದರ ಮರಿಗಳು ಮೊಟ್ಟೆಯೊಡೆದು ಬಂದ ಕೆಲವು ದಿನ ಚಿಪ್ಪಿಲ್ಲದೆ ಕೊಂಬೆಯ ಮೇಲೆ ಓಡಾಡುತ್ತವೆ. ಆ ದಿನಗಳನ್ನು ಹಿಡಿದರೆ ಸೌಮ್ಯವಾದ ಎಣ್ಣೆ, ಸೋಪಿನಲ್ಲೇ ಕೆಲಸ ಆಗುತ್ತದೆ. ಆ ದಿನ ಗುರುತಿಸುವುದು ಹೇಗೆ, ಅಲ್ಲಿಯವರೆಗೆ ಏನು ಮಾಡಬೇಕು, ಏನು ಮಾಡಲೇಬಾರದು ಅಂತ ಒಂದೊಂದಾಗಿ ನೋಡೋಣ.

ಮೊದಲು ಕೀಟದ ಬಗ್ಗೆ ಎರಡು ಮಾತು

ಶಲ್ಕ ಕೀಟ ಅಂದರೆ ಮೈಮೇಲೆ ಚಿಪ್ಪು ಹೊದ್ದು, ಎಲೆಗೋ ಕೊಂಬೆಗೋ ಅಂಟಿಕೊಂಡು, ಸೂಜಿಯಂಥ ಬಾಯಿಂದ ಗಿಡದ ರಸ ಹೀರುವ ಪುಟ್ಟ ಕೀಟ. ಪ್ರಪಂಚದಲ್ಲಿ ಸುಮಾರು 8,000 ಜಾತಿಗಳು ಗುರುತಾಗಿವೆ. ನಮಗೆ ಅರಗು ಕೊಡುವ ಕೀಟ, ದಾಸವಾಳಕ್ಕೆ ಮುತ್ತುವ ಹಿಟ್ಟು ತಿಗಣೆ, ಎರಡೂ ಇದೇ ಬಳಗದವು.

ತಾಯಿ ತನ್ನ ಚಿಪ್ಪಿನ ಅಡಿಯಲ್ಲೇ ಮೊಟ್ಟೆ ಇಡುತ್ತದೆ. ಕೆಲವು ಜಾತಿಗಳು ನೇರವಾಗಿ ಮರಿ ಹಾಕುತ್ತವೆ. ಮರಿಗೆ ಆರು ಕಾಲು ಇರುತ್ತವೆ, ಗಾತ್ರ ಅರ್ಧ ಮಿಲಿಮೀಟರಿಗಿಂತ ಕಡಿಮೆ. ಅದು ಕೆಲವು ಗಂಟೆ, ಹೆಚ್ಚೆಂದರೆ ಕೆಲವು ದಿನ ನಡೆದಾಡಿ ಒಂದು ಜಾಗ ಹುಡುಕಿ, ಬಾಯಿ ಚುಚ್ಚಿ, ಅಲ್ಲೇ ಕೂತುಬಿಡುತ್ತದೆ. ಆಮೇಲೆ ನಿಧಾನವಾಗಿ ಮೇಣದ ಹೊದಿಕೆ ಬೆಳೆಯುತ್ತದೆ. ಹೀಗೆ ಚಿಪ್ಪಿಲ್ಲದೆ ನಡೆದಾಡುವ ಮರಿಗಳನ್ನು ಈ ಲೇಖನದಲ್ಲಿ ತೆವಳುಮರಿ ಅಂತ ಕರೆಯುತ್ತೇನೆ. ಗಾಳಿ, ಹಕ್ಕಿಯ ಕಾಲು, ಇರುವೆ, ನಮ್ಮ ಬಟ್ಟೆ, ಕತ್ತರಿ, ಎಲ್ಲದರ ಮೂಲಕವೂ ತೆವಳುಮರಿಗಳು ಮರದಿಂದ ಮರಕ್ಕೆ ಹೋಗುತ್ತವೆ.

ಕೈಗೆ ಬೇಕಾಗುವ ಸಾಮಾನು ಜಾಸ್ತಿ ಏನಿಲ್ಲ: ಒಂದು ಭೂತಗನ್ನಡಿ, ಒಂದು ಸೂಜಿ, ಎರಡೂ ಕಡೆ ಅಂಟುವ ಪಾರದರ್ಶಕ ಟೇಪ್, ಬಿಳಿ ಹಾಳೆ, ಮೆತ್ತಗಿನ ಬ್ರಷ್, ಹರಿತವಾದ ಕತ್ತರಿ, ಕೈಗವಸು, ಕನ್ನಡಕ, ಸ್ಪ್ರೇ ಪಂಪ್. ಕಳೆನಾಶಕಕ್ಕೆ ಬಳಸಿದ ಪಂಪನ್ನು ಮಾತ್ರ ಇದಕ್ಕೆ ತರಬೇಡಿ. ಎಷ್ಟು ತೊಳೆದರೂ ಅದರಲ್ಲಿ ಉಳಿದ ಅಂಶ ಮರದ ಎಲೆ ಸುಡಬಹುದು.

ಹಂತ 1: ಅದು ಕೀಟವೇ? ಬದುಕಿದೆಯೇ?

ಕೊಂಬೆಯ ಮೇಲಿನ ಪ್ರತಿ ಗುಬುಟೂ ಶಲ್ಕ ಕೀಟವಲ್ಲ. ತೊಗಟೆಯಲ್ಲಿ ಸಹಜವಾಗಿಯೇ ಉಸಿರಾಟದ ಚುಕ್ಕಿಗಳಿರುತ್ತವೆ, ಕಲ್ಲುಹೂವು ಬೆಳೆದಿರುತ್ತದೆ, ಇನ್ನೂ ಅರಳದ ಮೊಗ್ಗುಗಳಿರುತ್ತವೆ. ಉಗುರಿನಿಂದ ಮೆಲ್ಲಗೆ ಕೆರೆದು ನೋಡಿ. ತೊಗಟೆಗೆ ಗಾಯವಾಗದೆ ಗುಬುಟು ಎದ್ದು ಬಂದರೆ ಕೀಟ ಇರಬಹುದು. ತೊಗಟೆಯೇ ಕಿತ್ತು ಬಂದರೆ ಅದು ಮರದ್ದೇ ಭಾಗ.

ಮುಖ್ಯವಾದ ಪರೀಕ್ಷೆ ಇನ್ನೊಂದಿದೆ. ಬೇರೆ ಬೇರೆ ಕೊಂಬೆಗಳಿಂದ ಒಂದಿಪ್ಪತ್ತು ಚಿಪ್ಪು ಆರಿಸಿ ಒಂದೊಂದನ್ನೇ ಉಗುರಿನಲ್ಲಿ ಒತ್ತಿ. ರಸ ಬಂದರೆ ಕೀಟ ಬದುಕಿದೆ. ಪುಡಿಯಾಗಿ ಒಣ ಸಿಪ್ಪೆಯಂತೆ ಉದುರಿದರೆ ಸತ್ತಿದೆ. ಸತ್ತ ಚಿಪ್ಪುಗಳು ತಿಂಗಳುಗಟ್ಟಲೆ ಕೊಂಬೆಗೆ ಅಂಟಿಕೊಂಡೇ ಇರುತ್ತವೆ. ಅದನ್ನು ನೋಡಿ ಗಾಬರಿಯಾಗಿ ಮತ್ತೆ ಮತ್ತೆ ಔಷಧಿ ಹೊಡೆಯುವವರೇ ಜಾಸ್ತಿ. ಚಿಪ್ಪಿನ ನೆತ್ತಿಯಲ್ಲಿ ಸೂಜಿ ಚುಚ್ಚಿದಷ್ಟು ಸಣ್ಣ, ಗುಂಡಗಿನ ತೂತು ಕಂಡರೆ ಇನ್ನೂ ಒಳ್ಳೆಯ ಸುದ್ದಿ. ಪರೋಪಜೀವಿ ಕಣಜ, ಅಂದರೆ ಶಲ್ಕ ಕೀಟದ ಮೈಗೇ ಮೊಟ್ಟೆ ಇಟ್ಟು ಅದನ್ನು ಒಳಗಿಂದ ತಿಂದು ಮುಗಿಸುವ ಅತಿ ಸಣ್ಣ ಕಣಜ, ಅಲ್ಲಿಂದ ಹೊರಬಂದಿದೆ ಅಂತ ಅರ್ಥ.

ಹಂತ 2: ಗಟ್ಟಿ ಚಿಪ್ಪೋ, ಮೆದು ಚಿಪ್ಪೋ?

ಈ ಹಂತವನ್ನು ದಯವಿಟ್ಟು ಬಿಡಬೇಡಿ. ಮುಂದೆ ಯಾವ ಔಷಧಿ ಕೆಲಸ ಮಾಡುತ್ತದೆ, ಯಾವುದು ಮಾಡುವುದಿಲ್ಲ ಅನ್ನುವುದು ಇಲ್ಲೇ ನಿರ್ಧಾರವಾಗುತ್ತದೆ.

ಗಟ್ಟಿ ಚಿಪ್ಪಿನವು ಚಿಕ್ಕವು, 1ರಿಂದ 3 ಮಿಲಿಮೀಟರ್. ಚಪ್ಪಟೆ, ಗುಂಡಗೆ ಅಥವಾ ಉದ್ದಕ್ಕೆ ಇರುತ್ತವೆ. ಸೂಜಿಯ ತುದಿಯಿಂದ ಚಿಪ್ಪಿನ ಅಂಚು ಎತ್ತಿದರೆ ಅದು ಮುಚ್ಚಳದ ಹಾಗೆ ಬೇರೆಯಾಗಿ ಬರುತ್ತದೆ, ಕೆಳಗೆ ಕಾಲಿಲ್ಲದ ಮೆತ್ತಗಿನ ದೇಹ ಕೂತಿರುತ್ತದೆ. ಇವು ಗಿಡದ ಜೀವಕೋಶಗಳನ್ನೇ ಒಂದೊಂದಾಗಿ ಬರಿದು ಮಾಡುತ್ತವೆ. ಹಾಗಾಗಿ ಎಲೆಯ ಮೇಲೆ ಹಳದಿ ಚುಕ್ಕೆ, ಕೊಂಬೆ ತುದಿಯಿಂದ ಒಣಗುವುದು ಕಾಣಿಸುತ್ತದೆ. ಅಂಟು ಸುರಿಯುವುದಿಲ್ಲ. ಕಮೀಲಿಯಾದ ಎಲೆಯಡಿ, ಹೂ ಚೆರ್ರಿಯ ಕಾಂಡದ ಮೇಲೆ ಬರುವವು ಹೆಚ್ಚಾಗಿ ಈ ಜಾತಿಯವು.

ಮೆದು ಚಿಪ್ಪಿನವು ದೊಡ್ಡವು, ಉಬ್ಬಿಕೊಂಡಿರುತ್ತವೆ. ಮ್ಯಾಗ್ನೋಲಿಯಾಕ್ಕೆ ಬರುವ ಒಂದು ಜಾತಿಯ ಹೆಣ್ಣು ಹತ್ತಿರಹತ್ತಿರ 12 ಮಿಲಿಮೀಟರ್ ಬೆಳೆಯುತ್ತದೆ. ಇವುಗಳ ಚಿಪ್ಪು ಮೈಗೇ ಸೇರಿದ್ದು, ಬೇರೆಯಾಗಿ ಎತ್ತಲು ಬರುವುದಿಲ್ಲ. ಇವು ಮರದ ಸಕ್ಕರೆ ಹರಿಯುವ ನಾಳಕ್ಕೇ ಬಾಯಿ ಹಾಕುತ್ತವೆ, ಹೀರಿದ್ದರಲ್ಲಿ ಹೆಚ್ಚಾದ ಸಕ್ಕರೆಯನ್ನು ಸಿಹಿ ಅಂಟಾಗಿ ಹೊರಹಾಕುತ್ತವೆ. ಆ ಅಂಟಿನ ಮೇಲೆ ಕಪ್ಪು ಬೂಷ್ಟು ಬೆಳೆಯುತ್ತದೆ. ಮರದ ಕೆಳಗೆ ನಿಲ್ಲಿಸಿದ ಗಾಡಿಯ ಗಾಜು ಅಂಟಂಟಾಗಿದ್ದರೆ, ಎಲೆಗಳಿಗೆ ಮಸಿ ಬಳಿದಂತಿದ್ದರೆ, ಕಾಂಡದ ಮೇಲೆ ಇರುವೆ ಸಾಲು ಹತ್ತಿ ಇಳಿಯುತ್ತಿದ್ದರೆ, ತಲೆ ಎತ್ತಿ ಮೇಲಿನ ಕೊಂಬೆ ನೋಡಿ. ಕಪ್ಪು ಬೂಷ್ಟಿಗೆ ಅಂತ ಶಿಲೀಂಧ್ರನಾಶಕ ಹೊಡೆದು ಪ್ರಯೋಜನವಿಲ್ಲ. ಅದು ಅಂಟಿನ ಮೇಲಷ್ಟೇ ಬದುಕುತ್ತದೆ, ಅಂಟು ನಿಂತರೆ ತಾನಾಗಿ ಉದುರಿ ಹೋಗುತ್ತದೆ.

ಇವೆರಡರ ಜೊತೆಗೆ ಬಿಳಿ ಹತ್ತಿಯಂತೆ, ಉಣ್ಣೆಯಂತೆ ಕಾಣುವವೂ ಇವೆ. ಕ್ರೇಪ್ ಮಿರ್ಟಲ್ ಮರದ ತೊಗಟೆಗೆ ಬರುವ ಬಿಳಿ ಶಲ್ಕ ಅಂಥದ್ದು. ಇದು ಪೂರ್ವ ಏಷ್ಯಾ ಮೂಲದ್ದು, 2004ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಕಾಣಿಸಿಕೊಂಡು ಅಲ್ಲಿಂದ ಹರಡಿತು. ಒತ್ತಿದರೆ ಗುಲಾಬಿ ಬಣ್ಣದ ರಸ ಬರುತ್ತದೆ, ಗುರುತು ಹಿಡಿಯಲು ಅಷ್ಟು ಸಾಕು. ಇದೂ ಅಂಟು ಸುರಿಸುತ್ತದೆ.

ಹಂತ 3: ಔಷಧಿ ನಿಜಕ್ಕೂ ಬೇಕೇ?

ಮರ ಗಟ್ಟಿಯಾಗಿದ್ದು ಅಲ್ಲೊಂದು ಇಲ್ಲೊಂದು ಚಿಪ್ಪು ಕಂಡರೆ ಸುಮ್ನೆ ಗಮನ ಇಟ್ಟು ನೋಡುತ್ತಿರಿ. ಶಲ್ಕ ಕೀಟಕ್ಕೆ ಶತ್ರುಗಳು ಬಹಳ. ಗುಲಗಂಜಿ ಹುಳು, ಅದರಲ್ಲೂ ಕಪ್ಪು ಬೆನ್ನಿನ ಮೇಲೆ ಎರಡು ಕೆಂಪು ಚುಕ್ಕಿ ಇರುವಂಥವು, ಆಗಲೇ ಹೇಳಿದ ಪರೋಪಜೀವಿ ಕಣಜಗಳು, ಜಾಲರಿ ರೆಕ್ಕೆಯ ಹಸಿರು ಕೀಟದ ಮರಿಗಳು, ಎಲ್ಲವೂ ಇದನ್ನು ತಿನ್ನುತ್ತವೆ.

ಆಸ್ಟ್ರೇಲಿಯಾದಿಂದ ಬಂದ ಹತ್ತಿದಿಂಬಿನ ಶಲ್ಕ 1868ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಾಣಿಸಿಕೊಂಡು ಅಲ್ಲಿನ ಕಿತ್ತಳೆ ತೋಟಗಳನ್ನೇ ಹಾಳು ಮಾಡುವ ಹಂತಕ್ಕೆ ಹೋಗಿತ್ತು. 1888-89ರಲ್ಲಿ ಅದರ ತವರಿನಿಂದಲೇ ವೆಡೇಲಿಯಾ ಅನ್ನುವ ಗುಲಗಂಜಿ ಹುಳುವನ್ನು ತಂದು ಬಿಟ್ಟರು. ಒಂದೆರಡು ವರ್ಷದಲ್ಲೇ ಕೀಟ ಹತೋಟಿಗೆ ಬಂತು. ಔಷಧಿಗಳಿಂದ ಆಗದ ಕೆಲಸ ಅದು.

ಇದರ ಉಲ್ಟಾ ಕತೆಯೂ ಇದೆ. 1960ರ ದಶಕದಲ್ಲಿ ಅದೇ ಕ್ಯಾಲಿಫೋರ್ನಿಯಾದ ಸೌತ್ ಲೇಕ್ ಟಾಹೋದಲ್ಲಿ ಸೊಳ್ಳೆಗೆಂದು ಮ್ಯಾಲಥಿಯಾನ್ ಅನ್ನುವ ಕೀಟನಾಶಕದ ಹೊಗೆ ಬಿಟ್ಟರು. ಪೈನ್ ಮರಗಳ ಮೇಲೆ ಶಲ್ಕ ಕೀಟ ವಿಪರೀತ ಹೆಚ್ಚಿತು. ಚಿಪ್ಪಿನೊಳಗಿನ ಕೀಟ ಉಳಿಯಿತು, ಅದನ್ನು ತಿನ್ನುವ ಕಣಜ ಮತ್ತು ಹುಳುಗಳು ಸತ್ತವು. ಹೊಗೆ ನಿಲ್ಲಿಸಿದ ಮೇಲೆ ಶತ್ರುಗಳು ಮರಳಿ ಬಂದು ಕೀಟ ಇಳಿಯಿತು. ನಿಮ್ಮ ಮರಕ್ಕೆ ಕಂಡಕಂಡ ಪೈರೆಥ್ರಾಯ್ಡ್ ಜಾತಿಯ ಔಷಧಿ, ಅಂದರೆ ಮುಟ್ಟಿದ ಹುಳುವನ್ನೆಲ್ಲ ಕೊಲ್ಲುವಂಥದ್ದು, ಹೊಡೆದರೆ ಆಗುವುದೂ ಇದೇ.

ಒಂದು ಎಚ್ಚರಿಕೆ. ಕೆಲವು ಗುಲಗಂಜಿ ಹುಳುಗಳ ಮರಿಗಳು ಮೈತುಂಬ ಬಿಳಿ ಮೇಣದ ಎಳೆ ಹೊತ್ತು ಥೇಟ್ ಹಿಟ್ಟು ತಿಗಣೆಯ ಹಾಗೆಯೇ ಕಾಣುತ್ತವೆ. ಬ್ರಷ್ ತುದಿಯಿಂದ ತಾಕಿಸಿ ನೋಡಿ. ಚುರುಕಾಗಿ ನಡೆದು ಹೋದರೆ ಅದು ನಿಮ್ಮ ಕಡೆಯದ್ದು. ಬಿಟ್ಟುಬಿಡಿ.

ಹೊಸ ಚಿಗುರಿಗೂ ಹತ್ತುತ್ತಿದೆ, ಕೊಂಬೆ ಒಣಗುತ್ತಿದೆ, ಉಗುರು ಪರೀಕ್ಷೆಯಲ್ಲಿ ಹೆಚ್ಚಿನವು ಬದುಕಿವೆ, ಶತ್ರುಗಳ ಸುಳಿವಿಲ್ಲ ಅಂದರೆ ಮುಂದಿನ ಹಂತಕ್ಕೆ ಹೋಗಿ.

ಹಂತ 4: ಮೊದಲು ಕೈಯಲ್ಲಿ ಆಗುವಷ್ಟು ತೆಗೆಯಿರಿ

ತೀರಾ ಮುತ್ತಿರುವ, ಅರ್ಧ ಒಣಗಿದ ಸಣ್ಣ ಕೊಂಬೆಗಳನ್ನು ಸವರಿ ಹಾಕಿ. ಚೀಲಕ್ಕೆ ತುಂಬಿ ಬಾಯಿ ಕಟ್ಟಿ. ಮರದ ಬುಡದಲ್ಲೇ ಬಿಟ್ಟರೆ ತೆವಳುಮರಿಗಳು ವಾಪಸ್ ಹತ್ತುತ್ತವೆ. ಹಾಗಂತ ಮರದ ತಲೆಯನ್ನೇ ಬೋಳಿಸಬೇಡಿ. ಒಂದೇ ಸಲಕ್ಕೆ ಜಾಸ್ತಿ ಕತ್ತರಿಸಿದರೆ ಎಳೆ ಚಿಗುರು ಒತ್ತಾಗಿ ಬರುತ್ತದೆ, ಕೀಟಕ್ಕೆ ಅದೇ ಇಷ್ಟ.

ಕಾಂಡ, ದಪ್ಪ ಕೊಂಬೆಗಳನ್ನು ಸೌಮ್ಯ ಸೋಪು ನೀರಲ್ಲಿ ಅದ್ದಿದ ಮೆತ್ತಗಿನ ಬ್ರಷ್‌ನಿಂದ ಉಜ್ಜಿ. ತಂತಿ ಬ್ರಷ್ ಬೇಡ. ಕವಲಿನ ಸಂದು, ಹಳೆಯ ಕತ್ತರಿ ಗಾಯದ ಸುತ್ತ, ತೊಗಟೆ ಸೀಳಿದ ಜಾಗ, ಈ ಮೂರನ್ನು ಬಿಟ್ಟರೆ ಉಜ್ಜಿದ್ದು ವ್ಯರ್ಥ, ಕ್ರೇಪ್ ಮಿರ್ಟಲ್‌ನಲ್ಲಿ ಮೊಟ್ಟೆಚೀಲಗಳು ಇಂಥ ಕಡೆಯೇ ಗುಂಪಾಗಿ ಅಡಗಿರುತ್ತವೆ. ಚಿಕ್ಕ ಮರಕ್ಕೆ ಈ ಒಂದು ಕೆಲಸದಿಂದಲೇ ಅರ್ಧ ಹೊರೆ ಇಳಿಯುತ್ತದೆ. ಆಮೇಲೆ ಹೊಡೆಯುವ ಔಷಧಿಯೂ ತೊಗಟೆಗೆ ಸರಿಯಾಗಿ ತಾಗುತ್ತದೆ.

ಹಂತ 5: ಇರುವೆ ತಡೆಯಿರಿ

ಅಂಟು ಸುರಿಸುವ ಕೀಟವಾದರೆ ಮಾತ್ರ ಇದು ಬೇಕು. ಸಿಹಿ ಅಂಟಿನ ಆಸೆಗೆ ಇರುವೆಗಳು ಕೀಟದ ಕಾವಲಿಗೆ ನಿಲ್ಲುತ್ತವೆ, ಗುಲಗಂಜಿ ಹುಳುವನ್ನೂ ಕಣಜವನ್ನೂ ಓಡಿಸುತ್ತವೆ. ಕಾಂಡಕ್ಕೆ ಅಗಲವಾದ ಟೇಪ್ ಸುತ್ತಿ ಅದರ ಮೇಲೆ ಅಂಟು ಬಳಿಯಿರಿ. ಅಂಟನ್ನು ನೇರವಾಗಿ ತೊಗಟೆಗೆ ಬಳಿದರೆ ಮರಕ್ಕೆ ಹಾನಿ. ಧೂಳು ತುಂಬಿದ ಕೂಡಲೇ ಬದಲಿಸಿ, ಕಾಂಡ ಬಿಗಿಯದಂತೆ ಆಗಾಗ ಸಡಿಲಿಸಿ. ಮರದ ಒಂದೇ ಒಂದು ರೆಂಬೆ ಗೋಡೆಗೋ ಪಕ್ಕದ ಗಿಡಕ್ಕೋ ತಾಗಿದ್ದರೂ ಇರುವೆ ಆ ದಾರಿ ಹಿಡಿಯುತ್ತದೆ, ಅದನ್ನು ಸವರಿ.

ಹಂತ 6: ತೆವಳುಮರಿಗಳ ದಿನ ಹಿಡಿಯಿರಿ

ಇಡೀ ಕೆಲಸದ ಜೀವ ಇದು. ಕೀಟ ಇರುವ ಐದಾರು ಕೊಂಬೆ ಆರಿಸಿ. ಮರದ ಬೇರೆ ಬೇರೆ ದಿಕ್ಕಿನಲ್ಲಿರಲಿ. ಪ್ರತಿಯೊಂದಕ್ಕೂ, ಬದುಕಿರುವ ಚಿಪ್ಪುಗಳ ಹತ್ತಿರ, ಎರಡೂ ಕಡೆ ಅಂಟುವ ಟೇಪನ್ನು ಒಂದೆರಡು ಸುತ್ತು ಸುತ್ತಿ. ತುದಿಯನ್ನು ಮಡಚಿ ಬಿಡಿ, ಬಿಚ್ಚಲು ಸುಲಭ. ಎಲ್ಲಿ ಸುತ್ತಿದ್ದೀರಿ ಅಂತ ಗೊತ್ತಾಗಲು ಒಂದು ಬಣ್ಣದ ದಾರ ಕಟ್ಟಿ. ವಾರಕ್ಕೊಮ್ಮೆ ಬಿಚ್ಚಿ, ಬಿಳಿ ಹಾಳೆಗೆ ಅಂಟಿಸಿ, ತಾರೀಕು ಬರೆದು, ಭೂತಗನ್ನಡಿಯಲ್ಲಿ ನೋಡಿ. ಹೊಸ ಟೇಪ್ ಸುತ್ತಿ.

ಮರಿ ಹೊರಬಂದ ವಾರ ಟೇಪಿನ ಅಂಚಿನುದ್ದಕ್ಕೂ ಅರಿಶಿನದ ಪುಡಿ ಅಂಟಿದ ಹಾಗೆ ಕಾಣುತ್ತದೆ. ಕೆಲವು ಜಾತಿಯಲ್ಲಿ ಕಿತ್ತಳೆ, ಗುಲಾಬಿ, ಕೆಂಪು ಬಣ್ಣವೂ ಇರಬಹುದು. ಭೂತಗನ್ನಡಿಯಲ್ಲಿ ಮೊಟ್ಟೆಯಾಕಾರದ ಮೈ, ಪುಟ್ಟ ಕಾಲು ಕಾಣಿಸಿದರೆ ಅದು ಹೂವಿನ ಪರಾಗವಲ್ಲ, ಮರಿಯೇ. ಟೇಪ್ ಸಿಗದಿದ್ದರೆ ಬಿಳಿ ಹಾಳೆಯ ಮೇಲೆ ಕೊಂಬೆಯನ್ನು ನಾಲ್ಕು ಸಲ ತಟ್ಟಿ ನೋಡಿ, ನಡೆದಾಡುವ ಚುಕ್ಕಿಗಳು ಬೀಳುತ್ತವೆ. ಟೇಪಿನಷ್ಟು ನಂಬಿಕೆಯ ದಾರಿಯಲ್ಲ, ಆದರೆ ಏನೂ ಮಾಡದೆ ಅಂದಾಜಿಗೆ ಹೊಡೆಯುವುದಕ್ಕಿಂತ ಎಷ್ಟೋ ವಾಸಿ.

ಯಾವ ತಿಂಗಳು ಅಂತ ಒಂದೇ ಉತ್ತರ ಇಲ್ಲ. ಚಳಿ ಇರುವ ಕಡೆ ಎಷ್ಟೋ ಜಾತಿಗಳಿಗೆ ವರ್ಷಕ್ಕೆ ಒಂದೇ ಪೀಳಿಗೆ, ವಸಂತ ಮುಗಿದು ಬೇಸಿಗೆ ಶುರುವಾಗುವ ಹೊತ್ತಿಗೆ ಮರಿ ಬರುವುದು ಸಾಮಾನ್ಯ. ಆದರೆ ಮ್ಯಾಗ್ನೋಲಿಯಾದ ಶಲ್ಕ ಬೇಸಿಗೆ ಕಳೆಯುತ್ತಾ ಬಂದ ಮೇಲೆ ಮರಿ ಹಾಕುತ್ತದೆ. ಬೆಚ್ಚಗಿನ ಪ್ರದೇಶಗಳಲ್ಲಿ ಒಂದರ ಮೇಲೊಂದು ಪೀಳಿಗೆ ಬರುತ್ತಲೇ ಇರುತ್ತದೆ, ಎಲ್ಲ ವಯಸ್ಸಿನವೂ ಒಟ್ಟಿಗೇ ಇರುತ್ತವೆ. ಅಂಥ ಕಡೆ ಟೇಪಿನಲ್ಲಿ ಮರಿಗಳು ದಿಢೀರನೆ ಹೆಚ್ಚಾದ ವಾರವನ್ನೇ ಆರಿಸಿಕೊಳ್ಳಿ.

ಹಂತ 7: ಸಿಂಪಡಿಸಿ

ಮೊದಲ ಆಯ್ಕೆ ತೋಟಗಾರಿಕೆಗೆಂದೇ ಶುದ್ಧ ಮಾಡಿದ ಖನಿಜ ತೈಲ. ಇದು ಕೀಟದ ಉಸಿರಾಟದ ರಂಧ್ರ ಮುಚ್ಚಿ ಸಾಯಿಸುತ್ತದೆ, ಒಣಗಿದ ಮೇಲೆ ಆಮೇಲೆ ಬರುವ ಮಿತ್ರ ಕೀಟಗಳಿಗೆ ಹೆಚ್ಚು ತೊಂದರೆ ಇಲ್ಲ. ಎಲೆ ಇರುವಾಗ ಸಾಮಾನ್ಯವಾಗಿ 1ರಿಂದ 2 ಶೇಕಡಾ, ಅಂದರೆ ಲೀಟರ್ ನೀರಿಗೆ 10ರಿಂದ 20 ಮಿಲಿಲೀಟರ್. ಡಬ್ಬಿಯ ಮೇಲೆ ಬೇರೆ ಪ್ರಮಾಣ ಬರೆದಿದ್ದರೆ ಅದೇ ಅಂತಿಮ. ಎಲೆ ಉದುರಿಸುವ ಮರಗಳಿಗೆ ಬೋಳಾಗಿರುವಾಗ ಒಮ್ಮೆ ಹೊಡೆದರೆ ಚಳಿಗಾಲ ಕಳೆಯುತ್ತಿರುವ ಎಳೆಯ ಕೀಟಗಳೂ ಸಾಯುತ್ತವೆ.

ಎಣ್ಣೆಯ ವಿಷಯದಲ್ಲಿ ಜನ ಎಡವುವುದು ಇಲ್ಲಿ:

- ಬಿಸಿಲಲ್ಲಿ ಹೊಡೆಯುವುದು. ಉಷ್ಣಾಂಶ 32 ಡಿಗ್ರಿ ಸೆಲ್ಸಿಯಸ್ ದಾಟಿದ್ದರೆ ಬೇಡ, ಎಲೆ ಸುಡುತ್ತದೆ. 4 ಡಿಗ್ರಿಗಿಂತ ಕೆಳಗಿದ್ದರೂ ಬೇಡ.
- ನೀರಿಲ್ಲದೆ ಬಾಡಿದ ಮರಕ್ಕೆ ಹೊಡೆಯುವುದು. ಹಿಂದಿನ ದಿನಗಳಲ್ಲಿ ಚೆನ್ನಾಗಿ ನೀರು ಕೊಟ್ಟು ಆಮೇಲೆ ಹೊಡೆಯಿರಿ.
- ಗಂಧಕದ ಜೊತೆ ಬೆರೆಸುವುದು, ಅಥವಾ ಗಂಧಕ ಹೊಡೆದು ಕೆಲವು ವಾರದೊಳಗೆ ಎಣ್ಣೆ ಹೊಡೆಯುವುದು. ಎರಡೂ ಸೇರಿದರೆ ಎಲೆಗೆ ವಿಷ.
- ಪಂಪನ್ನು ಅಲ್ಲಾಡಿಸದೆ ಹೊಡೆಯುವುದು. ಎಣ್ಣೆ ಮೇಲೆ ತೇಲುತ್ತದೆ, ಮೊದಲ ಕೊಂಬೆಗೆ ಬರೀ ನೀರು, ಕೊನೆಯದಕ್ಕೆ ಬರೀ ಎಣ್ಣೆ ಹೋಗುತ್ತದೆ.

ಎಣ್ಣೆ, ಸೋಪು ಎರಡೂ ಕೀಟಕ್ಕೆ ನೇರವಾಗಿ ತಾಗಿದರಷ್ಟೇ ಕೆಲಸ ಮಾಡುತ್ತವೆ. ಎಲೆಯ ಅಡಿ, ಕೊಂಬೆಯ ಹಿಂಬದಿ, ಕವಲು, ಎಲ್ಲ ಕಡೆ ತೊಟ್ಟಿಕ್ಕುವಷ್ಟು ತೋಯಬೇಕು. ಮೇಲ್ಮೇಲೆ ಮಂಜಿನಂತೆ ಹೊಡೆದು ಬಂದರೆ ಆಗುವುದಿಲ್ಲ. ಮರಿಗಳು ಒಂದೇ ದಿನ ಬರುವುದಿಲ್ಲ, ಕೆಲವು ವಾರ ಬರುತ್ತಲೇ ಇರುತ್ತವೆ. ಹಾಗಾಗಿ 10ರಿಂದ 14 ದಿನ ಬಿಟ್ಟು, ಟೇಪಿನಲ್ಲಿ ಇನ್ನೂ ಮರಿ ಕಂಡರೆ, ಮತ್ತೆ ಹೊಡೆಯಿರಿ. ಮೊದಲ ಸಲವಾದರೆ ಒಂದು ಕೊಂಬೆಗೆ ಮಾತ್ರ ಹೊಡೆದು ಕೆಲವು ದಿನ ಕಾದು ನೋಡುವುದು ಒಳ್ಳೆಯದು.

ಕೀಟನಾಶಕ ಸೋಪು ಮರಿಗಳ ಮೇಲೆ ಚೆನ್ನಾಗಿ ಕೆಲಸ ಮಾಡುತ್ತದೆ, ಬಲಿತ ಚಿಪ್ಪಿನ ಮೇಲೆ ಇಲ್ಲ. ಗಡಸು ನೀರಿನಲ್ಲಿ ಮೊಸರು ಕಟ್ಟಿದಂತಾಗುತ್ತದೆ, ಮೆದು ನೀರು ಬಳಸಿ. ಪಾತ್ರೆ ತೊಳೆಯುವ ಲಿಕ್ವಿಡ್ ಇದಕ್ಕೆ ಬದಲಿ ಅಲ್ಲ, ಅದು ಎಲೆಯ ಮೇಣದ ಪದರವನ್ನೇ ತೆಗೆದುಬಿಡಬಹುದು. ಬೇವಿನ ಎಣ್ಣೆಯೂ ಮರಿಗಳಿಗೆ ಆಗುತ್ತದೆ, ಬಿಸಿಲಿನ ಎಚ್ಚರಿಕೆ ಅದಕ್ಕೂ ಅಷ್ಟೇ.

ಪೈರಿಪ್ರಾಕ್ಸಿಫೆನ್, ಬುಪ್ರೊಫೆಜಿನ್ ಅನ್ನುವವು ಬೆಳವಣಿಗೆ ತಡೆಯುವ ಔಷಧಿಗಳು. ಮರಿ ಪೊರೆ ಕಳಚಿ ದೊಡ್ಡದಾಗದಂತೆ ಮಾಡುತ್ತವೆ. ಕೀಟ ವಿಪರೀತವಾದಾಗ ಉಪಯೋಗ ಇದೆ, ಆದರೆ ಗುಲಗಂಜಿ ಹುಳುವಿನ ಮರಿಗಳಿಗೂ ಇವು ಪೆಟ್ಟು ಕೊಡುತ್ತವೆ.

ಹಂತ 8: ಬೇರಿಗೆ ಕೊಡುವ ಔಷಧಿ ಕೊನೆಯ ದಾರಿ

ಅಂತರ್ವ್ಯಾಪಿ ಔಷಧಿ ಅಂದರೆ ಮಣ್ಣಿಗೋ ಕಾಂಡಕ್ಕೋ ಕೊಟ್ಟರೆ ಮರದ ರಸದ ಜೊತೆ ಎಲೆ, ಕೊಂಬೆಗೆಲ್ಲ ಹರಿಯುವಂಥದ್ದು. ಎತ್ತರದ ಮರಕ್ಕೆ ಅನುಕೂಲ ಅನ್ನಿಸುತ್ತದೆ, ಅಲ್ವಾ? ಎರಡು ವಿಷಯ ಯೋಚಿಸಿ.

ಒಂದು, ಎಲ್ಲ ಶಲ್ಕಕ್ಕೂ ಇದು ನಡೆಯುವುದಿಲ್ಲ. ಎಲ್ಲ ಕಡೆ ಸಿಗುವ ಇಮಿಡಾಕ್ಲೋಪ್ರಿಡ್ ಮೆದು ಚಿಪ್ಪಿನ ಎಷ್ಟೋ ಕೀಟಗಳನ್ನು ಕೊಲ್ಲುತ್ತದೆ, ಗಟ್ಟಿ ಚಿಪ್ಪಿನದಕ್ಕೂ ಹತ್ತಿದಿಂಬಿನ ಶಲ್ಕಕ್ಕೂ ಆಗುವುದಿಲ್ಲ. ಅದರ ಮೇಲೆ, ಇದನ್ನು ಕೊಟ್ಟ ಮರಗಳಲ್ಲಿ ಕೆಲವೊಮ್ಮೆ ಎಲೆಯ ರಸ ಹೀರುವ ನುಸಿ (ಮೈಟ್) ಹೆಚ್ಚುತ್ತದೆ. ಹಂತ 2 ಬಿಡಬೇಡಿ ಅಂದಿದ್ದು ಇದಕ್ಕೇ.

ಎರಡು, ನಿಮ್ಮದು ಹೂಮರ. ಮರದ ರಸಕ್ಕೆ ಸೇರಿದ್ದು ಮಕರಂದಕ್ಕೂ ಪರಾಗಕ್ಕೂ ಸೇರುತ್ತದೆ. 2013ರ ಜೂನ್‌ನಲ್ಲಿ ಅಮೆರಿಕದ ಆರೆಗಾನ್ ರಾಜ್ಯದ ವಿಲ್ಸನ್‌ವಿಲ್‌ನಲ್ಲಿ ಹೂ ಬಿಟ್ಟಿದ್ದ ಲಿಂಡನ್ ಮರಗಳಿಗೆ ಸಸ್ಯಹೇನಿಗೆಂದು ಡೈನೋಟೆಫ್ಯೂರಾನ್ ಅನ್ನುವ ಅಂತರ್ವ್ಯಾಪಿ ಔಷಧಿ ಸಿಂಪಡಿಸಿದರು. ಅಂದಾಜು 50,000 ಬಂಬಲ್‌ಬೀ ಜೇನುಹುಳುಗಳು ಆ ಮರಗಳ ಕೆಳಗೆ ಸತ್ತು ಬಿದ್ದವು. ಹೂವಿದ್ದಾಗಲೂ, ಹೂವಿಗೆ ಮುಂಚೆಯೂ ಇವನ್ನು ಕೊಡಲೇಬೇಡಿ. ಕೊಡಲೇಬೇಕಾದ ಸ್ಥಿತಿ ಬಂದರೆ ಹೂ ಪೂರ್ತಿ ಮುಗಿದ ಮೇಲೆ, ಬುಡದಲ್ಲಿ ಹೂ ಬಿಡುವ ಸಣ್ಣ ಗಿಡಗಳಿಲ್ಲದಿದ್ದರೆ, ಡಬ್ಬಿಯ ಮೇಲೆ ಆ ಮರಕ್ಕೆ ಅಂತ ಅನುಮತಿ ಬರೆದಿದ್ದರೆ ಮಾತ್ರ. ವರ್ಷವಿಡೀ ಹೂ ಬಿಡುವ ಮರಕ್ಕೆ ಇದು ಬೇಡವೇ ಬೇಡ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಏಣಿ ಹತ್ತಿ ಹೊಡೆಯಬೇಕಾದಷ್ಟು ಎತ್ತರದ ಮರವಾದರೆ ತರಬೇತಿ ಇರುವವರನ್ನೇ ಕರೆಯಿರಿ.

ಹಂತ 9: ಆಮೇಲೆ

ಗೊಬ್ಬರ ಸುರಿದು ಮರವನ್ನು ಚೇತರಿಸಿಕೊಳ್ಳುವಂತೆ ಮಾಡೋಣ ಅನ್ನಿಸುವುದು ಸಹಜ. ಸಾರಜನಕ ಜಾಸ್ತಿಯಾದರೆ ಕೀಟವೇ ಚೆನ್ನಾಗಿ ಬೆಳೆದು ಹೆಚ್ಚು ಮೊಟ್ಟೆ ಇಡುತ್ತದೆ. ಅದರ ಬದಲು ಬುಡದ ಸುತ್ತ ಒಣ ಎಲೆ, ತೊಗಟೆ ಚೂರು ಹರಡಿ, ಕಾಂಡಕ್ಕೆ ತಾಗದಂತೆ. ಒಣ ದಿನಗಳಲ್ಲಿ ನಿಧಾನವಾಗಿ, ಆಳಕ್ಕೆ ಇಳಿಯುವ ಹಾಗೆ ನೀರು ಕೊಡಿ. ಕಾಂಕ್ರೀಟು, ಡಾಂಬರಿನ ಮಧ್ಯೆ ಬೇಯುವ ಮರಗಳ ಮೇಲೆ ಕೆಲವು ಶಲ್ಕ ಕೀಟಗಳು ಹೆಚ್ಚು ಮುತ್ತುತ್ತವೆ, ಅಂಥ ಮರಕ್ಕೆ ನೀರಿನ ಆರೈಕೆ ಇನ್ನೂ ಮುಖ್ಯ.

ಚಿಪ್ಪು ಉದುರಿತೋ ಇಲ್ಲವೋ ಅನ್ನುವುದರಿಂದ ಫಲಿತಾಂಶ ಅಳೆಯಬೇಡಿ. ಕೆಲವು ವಾರ ಬಿಟ್ಟು ಮತ್ತೆ ಉಗುರು ಪರೀಕ್ಷೆ ಮಾಡಿ, ಹೊಸ ಚಿಗುರು ನೋಡಿ. ಚಿಗುರು ಸ್ವಚ್ಛವಾಗಿದ್ದರೆ ಗೆದ್ದಂತೆಯೇ. ತುಂಬಾ ಮುತ್ತಿದ ಮರ ಪೂರ್ತಿ ಸುಧಾರಿಸಲು ಎರಡು ಮೂರು ವರ್ಷ ಹಿಡಿಯಬಹುದು. ಟೇಪಿನ ತಾರೀಕು ಬರೆದ ಹಾಳೆಗಳನ್ನು ಎತ್ತಿಡಿ. ಮುಂದಿನ ವರ್ಷ ಯಾವಾಗ ಟೇಪ್ ಸುತ್ತಬೇಕು ಅಂತ ಅವೇ ಹೇಳುತ್ತವೆ.

ಅರ್ಧಕ್ಕಿಂತ ಹೆಚ್ಚು ಕೊಂಬೆ ಒಣಗಿ, ಪ್ರತಿ ವರ್ಷ ಮತ್ತೆ ಮುತ್ತುತ್ತಿದ್ದರೆ ಆ ಮರ ತೆಗೆದು ಬೇರೆ ಜಾತಿಯದ್ದು ಹಾಕುವುದೇ ವಾಸಿ. ಹೊಸ ಗಿಡ ತಂದಾಗ ಎಲೆಯ ಅಡಿ, ಕವಲಿನ ಸಂದು, ಬುಡದ ತೊಗಟೆ ನೋಡಿಯೇ ನೆಡಿ. ಒಂದು ಚಿಪ್ಪು ಕಂಡರೂ ಬೇರೆ ಗಿಡಗಳಿಂದ ದೂರ ಇಟ್ಟು, ಉಜ್ಜಿ ತೆಗೆದು, ಟೇಪ್ ಸುತ್ತಿ ಕೆಲವು ವಾರ ಕಾಯಿರಿ.